‘ಬಿಲವೆಡ್’ ಕಾದಂಬರಿಯ ಆ ಹುಡುಗಿ ದೆವ್ವವೋ ಮನುಷ್ಯಳೋ? ಬೆನ್ನ ಮೇಲಿನ ಮರಕ್ಕೆ ಏನರ್ಥ?

ಅರ್ಧ ಓದಿ ನಿಲ್ಲಿಸಿದ್ದೀನಿ, ಯಾವುದು ಯಾವಾಗ ನಡೆಯಿತು ಅಂತಾನೇ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಮೊದಲ ಸಲ ನಾನೂ ಅಲ್ಲೇ ಎಲ್ಲೋ ಕೈಬಿಟ್ಟಿದ್ದೆ. ಕಥೆಯ ಗುಟ್ಟು ಕೆಳಗೆ ಬರುತ್ತದೆ, ಬೇಡ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ.

ಟೋನಿ ಮಾರಿಸನ್ 1987ರಲ್ಲಿ ಪ್ರಕಟಿಸಿದ ಈ ಕಾದಂಬರಿಯ ಹಿಂದೆ ಒಂದು ನಿಜ ಘಟನೆ ಇದೆ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ, ಗುಲಾಮಗಿರಿ ಇದ್ದ ಕೆಂಟಕಿಯಿಂದ ಅದಿಲ್ಲದ ಒಹಾಯೊ ರಾಜ್ಯದ ಸಿನ್ಸಿನಾಟಿಗೆ ತಪ್ಪಿಸಿಕೊಂಡು ಬಂದಳು. ಹಿಡಿಯುವವರು ಮನೆಗೆ ಮುತ್ತಿಗೆ ಹಾಕಿದಾಗ, ಮಕ್ಕಳು ಮತ್ತೆ ಗುಲಾಮರಾಗುವುದೇ ಬೇಡ ಅಂತ ಪುಟ್ಟ ಮಗಳನ್ನು ತಾನೇ ಕೊಂದಳು. ಕಾದಂಬರಿಯ ನಾಯಕಿ ಸೆಥೆ ಮಾಡುವುದೂ ಅದನ್ನೇ. ಆದರೆ ಕಥೆ ಶುರುವಾಗುವುದು ಅದಾಗಿ ಸುಮಾರು 18 ವರ್ಷದ ಮೇಲೆ, 1873ರಲ್ಲಿ. ಆಗ ಗುಲಾಮಗಿರಿ ಹೋಗಿ 8 ವರ್ಷ ಆಗಿರುತ್ತದೆ. ಕಾಗದದಲ್ಲಿ ಹೋಗಿರುತ್ತದೆ, ಅಷ್ಟೇ.

ಕಥೆ ಹಿಂದೆ ಮುಂದೆ ಓಡುವುದು ಸುಮ್ನೆ ಅಲ್ಲ. ಅಂದು ಏನು ಮಾಡಿದೆ ಅಂತ, ಹಿಂದೆ ಅವಳ ಜೊತೆ ಗುಲಾಮನಾಗಿದ್ದ ಪಾಲ್ ಡಿ ಕೇಳಿದಾಗ ಸೆಥೆ ಅಡುಗೆಮನೆಯಲ್ಲಿ ಸುತ್ತು ಹಾಕುತ್ತಾ ಹಾಕುತ್ತಾ ಏನೇನೋ ಹೇಳುತ್ತಾಳೆ, ವಿಷಯದ ಹತ್ತಿರ ಬಂದು ಮತ್ತೆ ಪಕ್ಕಕ್ಕೆ ಸರಿಯುತ್ತಾಳೆ. ಇಡೀ ಪುಸ್ತಕ ನಡೆಯುವುದೇ ಹಾಗೆ.

ಇನ್ನು ಸೆಥೆಯ ಬೆನ್ನ ಮೇಲಿನ ಮರ. ದಯವಿಟ್ಟು ಗೈಡ್ ಪುಸ್ತಕದ ಥರ ‘ಮರ ಎಂದರೆ ಬದುಕು’ ಅಂತ ಬರೆದುಕೊಳ್ಳಬೇಡಿ. ಚಾಟಿ ಏಟಿನ ಗಾಯ ಅದು. ಓಡಿಹೋಗುವಾಗ ಸಿಕ್ಕಿದ ಏಮಿ ಎಂಬ ಬಿಳಿ ಹುಡುಗಿ ಅದನ್ನು ನೋಡಿ, ಕೊಂಬೆ ಎಲೆ ಹೂವು ಎಲ್ಲಾ ಇರುವ ಮರ ಅಂತ ಹೇಳಿದಳು. ಸೆಥೆ ತನ್ನ ಬೆನ್ನನ್ನು ನೋಡಿಯೇ ಇಲ್ಲ, ಅಲ್ಲಿಯ ಚರ್ಮ ಸತ್ತುಹೋಗಿದೆ, ಅವಳ ಹತ್ತಿರ ಇರುವುದು ಇನ್ನೊಬ್ಬಳು ಕೊಟ್ಟ ಮಾತು ಮಾತ್ರ. ಪಾಲ್ ಡಿಗೆ ಮೊದಲು ಅದು ಕೆತ್ತನೆಯಂತೆ ಕಾಣುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಬರೀ ಗಾಯದ ಗಂಟು. ಮರ ಅಂದರೆ ಅವನಿಗೆ ನಂಬಿ ನೆರಳಲ್ಲಿ ಕೂರುವಂಥದ್ದು. ಇದಕ್ಕಿಂತ ಕಠಿಣವಾದ ಜಾಗ ಇನ್ನೊಂದಿದೆ: ತಾನು ಗುಲಾಮಳಾಗಿದ್ದ ಹಳೆಯ ತೋಟವನ್ನು ನೆನೆದರೆ ಸೆಥೆಗೆ ಮೊದಲು ಕಣ್ಮುಂದೆ ಬರುವುದು ಅಲ್ಲಿಯ ಚೆಂದದ ಮರಗಳು, ಅವುಗಳಲ್ಲಿ ಹೆಣವಾಗಿ ನೇತಾಡುತ್ತಿದ್ದ ಹುಡುಗರಲ್ಲ. ಅದಕ್ಕಾಗಿ ತನ್ನ ನೆನಪನ್ನೇ ಕ್ಷಮಿಸಲಾರಳು.

ಹಾಲಿನ ವಿಷಯವೂ ಅಷ್ಟೇ. ಬಸುರಿಯನ್ನು ಹೊಡೆದರಾ ಅಂತ ಪಾಲ್ ಡಿ ಕೇಳುತ್ತಲೇ ಇರುತ್ತಾನೆ, ಅವಳು ಮಾತ್ರ ತೋಟದವರು ನನ್ನ ಎದೆಹಾಲು ಕಿತ್ತುಕೊಂಡರು ಅಂತಲೇ ಹೇಳುತ್ತಾಳೆ. ಗಾಯ ಎಲ್ಲಿದೆ ಅಂತ ಗಾಯಗೊಂಡವಳಿಗೆ ಗೊತ್ತು, ಅಲ್ವಾ?

ಕೊನೆಗೆ ನಿಮ್ಮ ಮೊದಲ ಪ್ರಶ್ನೆ. ಸೆಥೆಯ ಮನೆಗೆ ಬಂದು ಸೇರುವ, ಬಿಲವೆಡ್ ಅಂತ ಹೆಸರು ಹೇಳುವ ಆ ಹುಡುಗಿ ನನ್ನ ಪ್ರಕಾರ ಸತ್ತ ಮಗಳೇ ಹೌದು, ಆದರೆ ಅಷ್ಟೇ ಅಲ್ಲ. ಎರಡನೇ ಭಾಗದಲ್ಲಿ ಅವಳೇ ಮಾತಾಡುವ ಒಂದು ಅಧ್ಯಾಯ ಬರುತ್ತದೆ, ಹೆಚ್ಚುಕಡಿಮೆ ಪೂರ್ಣವಿರಾಮಗಳೇ ಇಲ್ಲದೆ. ಅಲ್ಲಿ ಕತ್ತಲು, ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತ ಜನ, ಹೆಣ, ಸಮುದ್ರ. ಒಹಾಯೊದಲ್ಲಿ ಸತ್ತ ಕೂಸು ಗುಲಾಮರ ಹಡಗನ್ನು ಎಲ್ಲಿ ನೋಡಿತು? ಪುಸ್ತಕದ ಅರ್ಪಣೆಯ ಪುಟ ತಿರುವಿ ನೋಡಿ, ‘ಆರು ಕೋಟಿ ಮತ್ತು ಇನ್ನೂ ಹೆಚ್ಚು’ ಎಂಬ ಅರ್ಥದ ಸಾಲಿದೆ, ಗುಲಾಮರ ವ್ಯಾಪಾರದಲ್ಲಿ ಸತ್ತವರನ್ನು ನೆನೆದದ್ದು. ಆ ಅಧ್ಯಾಯ ಬಂದಾಗ ಗಟ್ಟಿಯಾಗಿ ಓದಿ. ನಾನು ಮೂರನೇ ಸಲ ಹಾಗೆ ಓದಿದಾಗಲೇ ಅದು ಹಡಗು ಅಂತ ಹೊಳೆದದ್ದು.