ಆ ಸ್ಕಾರ್ಫ್‌ನಿಂದ ಶುರು ಮಾಡಿ

ನಮಸ್ಕಾರ. ನಿಮ್ಮ 'ರಕ್ತದಲ್ಲಿ ಬರೆದ ಪ್ರೇಮ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ 'ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇವೆ' ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳುವ ಬರಹವೂ ಇದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವಾದ ಇಷ್ಟು, ಅಲ್ವಾ? 'ದಿ ವ್ಯಾಂಪೈರ್ ಡೈರೀಸ್' ಅನ್ನುವ ಅಮೆರಿಕನ್ ಟಿವಿ ಸರಣಿಯ ಡೇಮನ್, ರಕ್ತ ಹೀರುವ ವ್ಯಾಂಪೈರ್, ಮೊದಲು ಕ್ರೂರಿ. ಎಲೆನಾ ಎಂಬ ಹುಡುಗಿಯ ಮೇಲಿನ ಪ್ರೀತಿ ಅವನನ್ನು ತಿದ್ದಿತು. ಹಾಗಾಗಿ ಅವನು ಮಾಡಿದ್ದನ್ನೆಲ್ಲ ನಾವು ಕ್ಷಮಿಸಬಹುದು. ಈ ಮಾತನ್ನು ಆ ಸರಣಿಯ ಅಭಿಮಾನಿಗಳು ವರ್ಷಗಟ್ಟಲೆ ಆಡಿದ್ದಾರೆ. ಅಣ್ಣ ಡೇಮನ್ನನ ಕಡೆ ಒಂದು ಗುಂಪು, ಎಲೆನಾಳನ್ನೇ ಪ್ರೀತಿಸುವ ತಮ್ಮ ಸ್ಟೆಫಾನ್ ಕಡೆ ಇನ್ನೊಂದು. ನೀವು ಒಂದು ಗುಂಪಿಗೆ ವಕೀಲರಾಗಿದ್ದೀರಿ, ಅಷ್ಟೇ. ಓದುಗರಿಗೆ ವಕೀಲರು ಬೇಕಿಲ್ಲ.

ಮೊದಲ ಪುಟ ಪೂರ್ತಿ ತೆಗೆಯಿರಿ. 1819ರಲ್ಲಿ ವ್ಯಾಂಪೈರ್ ಕಥೆ ಬರೆದ ಪಾಲಿಡೋರಿ, 1897ರಲ್ಲಿ 'ಡ್ರಾಕುಲಾ' ಬರೆದ ಸ್ಟೋಕರ್, ಅಲ್ಲಿಂದ ಮೆರವಣಿಗೆಯಲ್ಲಿ ನಮ್ಮ ಕಾಲಕ್ಕೆ! ಸುಮ್ನೆ ಜಾಗ ತಿನ್ನುತ್ತದೆ. ಅದರ ನಂತರದ ಎರಡು ಪುಟ ಬರೀ ಕಥೆ ಹೇಳಿದ್ದೀರಿ. 2009ರಿಂದ 2017ರವರೆಗೆ ಎಂಟು ಸೀಸನ್, 171 ಎಪಿಸೋಡ್ ನಡೆದ ಸರಣಿ ಅದು. ನೋಡಿದವರಿಗೆ ನಿಮ್ಮ ಸಾರಾಂಶ ಬೇಡ, ನೋಡದವರಿಗೆ ಅದರಿಂದ ತಲೆಬುಡ ತಿಳಿಯುವುದಿಲ್ಲ.

ಇಷ್ಟೆಲ್ಲ ದಾಟಿ ನಾಲ್ಕನೇ ಪುಟಕ್ಕೆ ಬಂದರೆ, ಆವರಣದೊಳಗೆ, ಯಾರಿಗೂ ಕಾಣದ ಹಾಗೆ, ಎಲೆನಾಳ ಗೆಳತಿಯ ಬಗ್ಗೆ ಒಂದು ಸಾಲು ಕೂತಿದೆ: 'ಕ್ಯಾರೊಲೈನ್ ಆ ಸ್ಕಾರ್ಫ್ ಯಾಕೆ ತೆಗೆಯುವುದಿಲ್ಲ ಎಂಬುದು ಅವಳಿಗೇ ಗೊತ್ತಿಲ್ಲ.' ಇದನ್ನು ಓದಿ ನಾನು ಪೆನ್ ಕೆಳಗಿಟ್ಟೆ. ಇಡೀ ಲೇಖನ ಇಲ್ಲಿದೆ ಸ್ವಾಮಿ, ಇದನ್ನು ಮೂಲೆಗೆ ತಳ್ಳಿದ್ದೀರಲ್ಲ!

ಆ ಎಪಿಸೋಡ್ ಇನ್ನೊಮ್ಮೆ ಹಾಕಿಕೊಂಡು ನೋಡಿ, ಮೊದಲ ಸೀಸನ್ನಿನ ಮೂರನೆಯದು. ಎಲೆನಾ ಮನೆಯಲ್ಲಿ ಊಟ ಆಗಿದೆ. ಸ್ಕಾರ್ಫ್ ಚೆನ್ನಾಗಿದೆ, ಒಂಚೂರು ತೆಗೆದು ತೋರಿಸ್ತೀಯಾ ಅಂತ ಸ್ಟೆಫಾನ್ ಕೇಳುತ್ತಾನೆ. ಆಗಲ್ಲ ಅನ್ನುತ್ತಾಳೆ ಕ್ಯಾರೊಲೈನ್. ಯಾಕೆ? ಅವಳ ಹತ್ತಿರ ಉತ್ತರ ಇಲ್ಲ. ತೆಗೆಯೋಕಾಗಲ್ಲ ಅನ್ನೋದಷ್ಟೇ ಗೊತ್ತು. ಸ್ಕಾರ್ಫ್ ಕೆಳಗಿರುವುದು ಡೇಮನ್ ಕಚ್ಚಿದ ಗಾಯ. ಅವನು ಕಣ್ಣಲ್ಲಿ ಕಣ್ಣಿಟ್ಟು ಹೇಳಿದರೆ ಮುಗಿಯಿತು, ಆ ಸರಣಿಯಲ್ಲಿ ಮನುಷ್ಯರ ಮನಸ್ಸು ಹೇಳಿದಂತೆ ಕೇಳುತ್ತದೆ. ಇದಕ್ಕೆ ಅಲ್ಲಿ 'ಕಂಪೆಲ್' ಮಾಡುವುದು ಅನ್ನುತ್ತಾರೆ.

ಅದೇ ಎಪಿಸೋಡಿನಲ್ಲಿ ಇನ್ನೊಂದು ಕುತ್ತಿಗೆ ಇದೆ, ಎಲೆನಾಳದು. ಸ್ಟೆಫಾನ್ ಅವಳಿಗೊಂದು ಸರ ಕೊಡುತ್ತಾನೆ. ಅದರೊಳಗೆ ವರ್ವೈನ್ ಅನ್ನುವ ಗಿಡಮೂಲಿಕೆ. ಅದು ಮೈಮೇಲಿದ್ದರೆ ಕಂಪೆಲ್ ಮಾಡೋಕಾಗುವುದಿಲ್ಲ. ಡೇಮನ್ ಬಂದು ಎಲೆನಾಳ ಮೇಲೂ ಅದೇ ಆಟ ಹೂಡುತ್ತಾನೆ, ಕೆನ್ನೆಗೆ ಬಾರಿಸಿಕೊಳ್ಳುತ್ತಾನೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಒಂದು ಕುತ್ತಿಗೆಗೆ ಸರ, ಇನ್ನೊಂದಕ್ಕೆ ಸ್ಕಾರ್ಫ್! ನಾಯಕ ಯಾರನ್ನು ಪ್ರೀತಿಸುತ್ತಾನೋ ಅವಳಿಗೆ ರಕ್ಷಣೆ, ಉಳಿದವಳು ಪಾತ್ರೆ ತೊಳೆಯಲಿ. ಇಷ್ಟಕ್ಕೂ ಆ ಸರದ ಒಳಗೇನಿದೆ ಅಂತ ಸ್ಟೆಫಾನ್ ಆಗ ಎಲೆನಾಗೂ ಹೇಳಿರುವುದಿಲ್ಲ. 'ಒಳ್ಳೆಯ ತಮ್ಮ' ಅಂತ ಐದು ಕಡೆ ಬರೆದಿದ್ದೀರಿ, ಅವನ ಒಳ್ಳೆಯತನವನ್ನೂ ಸ್ವಲ್ಪ ಉಜ್ಜಿ ನೋಡಿ.

ಈಗ ನಿಮ್ಮ ಪ್ರೀತಿಯ ದೃಶ್ಯಕ್ಕೆ ಬರೋಣ. ಎರಡನೇ ಸೀಸನ್, ಎಂಟನೇ ಎಪಿಸೋಡ್. ಎಲೆನಾಳ ಕೋಣೆ, ರಾತ್ರಿ. ಕಳೆದುಹೋಗಿದ್ದ ಸರವನ್ನು ಡೇಮನ್ ತಂದಿದ್ದಾನೆ. ಕೊಡುವ ಮೊದಲು ಒಂದು ಮಾತು ಹೇಳಬೇಕು ಅನ್ನುತ್ತಾನೆ. ನಿನ್ನನ್ನು ಪ್ರೀತಿಸುತ್ತೇನೆ, ನಿನಗೆ ನಾನು ತಕ್ಕವನಲ್ಲ, ನನ್ನ ತಮ್ಮ ತಕ್ಕವನು ಅನ್ನುತ್ತಾನೆ. ಆಮೇಲೆ ಇದನ್ನೆಲ್ಲ ಮರೆಯುವಂತೆ ಕಂಪೆಲ್ ಮಾಡುತ್ತಾನೆ. ಕಣ್ಣಲ್ಲಿ ಒಂದು ಹನಿ ಜಾರುತ್ತದೆ. ಮರುಕ್ಷಣ ಅವನಿಲ್ಲ, ಸರ ಅವಳ ಕೊರಳಲ್ಲಿದೆ. ನೀವು ಇದನ್ನು 'ನಿಸ್ವಾರ್ಥ ಪ್ರೇಮದ ಪರಾಕಾಷ್ಠೆ' ಎಂದಿದ್ದೀರಿ. ನಾನೂ ನೋಡುವಾಗ ಕರಗಿದವನೇ, ಸುಳ್ಳು ಯಾಕೆ ಹೇಳಲಿ. ಆದರೆ ಏನು ನಡೆಯಿತು ನೋಡಿ. ಅವಳ ಕೊರಳಲ್ಲಿ ಸರ ಇಲ್ಲದ ಹೊತ್ತು ನೋಡಿ ಅವನು ತನ್ನ ಎದೆ ಹಗುರ ಮಾಡಿಕೊಂಡ, ಕೆಲಸ ಮುಗಿದ ಮೇಲೆ ರಕ್ಷಣೆ ವಾಪಸ್ ಕೊಟ್ಟ. ಅವಳಿಗೆ ಉತ್ತರ ಹೇಳುವ ಅವಕಾಶವೇ ಸಿಗಲಿಲ್ಲ. ಅದು ತ್ಯಾಗವೂ ಹೌದು, ಕಳ್ಳತನವೂ ಹೌದು. ಎರಡನ್ನೂ ಒಟ್ಟಿಗೆ ಹಿಡಿದು ಬರೆಯಲು ಆಗುತ್ತದಾ? ಅಲ್ಲಿ ನಿಮ್ಮ ಕಸುಬು ಗೊತ್ತಾಗುತ್ತದೆ.

ಇದು ಒಂದೇ ಸಲ ಆಗಿದ್ದೂ ಅಲ್ಲ. ಮೂರನೇ ಸೀಸನ್ನಿನ ಕೊನೆಗೆ ಗೊತ್ತಾಗುತ್ತದೆ, ಎಲೆನಾಳನ್ನು ಮೊದಲು ಭೇಟಿಯಾದವನು ಡೇಮನ್ನೇ. ಆ ಭೇಟಿಯನ್ನೂ ಅವಳ ನೆನಪಿನಿಂದ ಅಳಿಸಿದ್ದ. ಆರನೇ ಸೀಸನ್ನಿನಲ್ಲಿ ಅವನು ಸತ್ತನೆಂದು ತಿಳಿದು, ದುಃಖ ತಡೆಯಲಾರದೆ, ತನ್ನ ಪ್ರೀತಿಯ ನೆನಪನ್ನೇ ಅಳಿಸು ಅಂತ ಎಲೆನಾ ಇನ್ನೊಬ್ಬ ವ್ಯಾಂಪೈರ್ ಅಲಾರಿಕ್‌ನನ್ನು ಕೇಳಿಕೊಳ್ಳುತ್ತಾಳೆ. ಮೂರು ಅಳಿಸುವಿಕೆ. ಎರಡು ಅವನು ಕದ್ದದ್ದು, ಮೂರನೆಯದು ಅವಳೇ ಆರಿಸಿಕೊಂಡದ್ದು. ಈ ಕೊನೆಯದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ! ಪ್ರೀತಿಗೂ ನೀತಿಗೂ ಏನು ಸಂಬಂಧ ಅಂತ ಕೇಳಲು ಹೊರಟವರು ಇದನ್ನು ಹೇಗೆ ಬಿಟ್ಟಿರಿ?

ಕರೆಯದೆ ವ್ಯಾಂಪೈರ್ ಮನೆಯೊಳಗೆ ಕಾಲಿಡುವಂತಿಲ್ಲ ಅನ್ನುವುದು ಹಳೇ ನಿಯಮ, ಈ ಸರಣಿಯಲ್ಲೂ ಇದೆ. ಅಂದರೆ ಮನೆ ಬಾಗಿಲಿಗೆ ಒಪ್ಪಿಗೆ ಬೇಕು, ಮನಸ್ಸಿಗೆ ಬೇಡ. ನಿಮ್ಮ ಮೊದಲ ಪುಟದ ಇತಿಹಾಸದಲ್ಲಿ ಏನಾದರೂ ಉಳಿಸಿಕೊಳ್ಳುವುದಿದ್ದರೆ ಇದೊಂದನ್ನು ಉಳಿಸಿಕೊಳ್ಳಿ.

ಈ ಸರಣಿಯ ವ್ಯಾಂಪೈರ್‌ಗಳು ಸ್ವಿಚ್ ಒತ್ತಿದ ಹಾಗೆ ತಮ್ಮ ಭಾವನೆಗಳನ್ನೇ ಆಫ್ ಮಾಡಿಕೊಳ್ಳಬಲ್ಲರು. ಆ ಸ್ವಿಚ್ ಆಫ್ ಆಗಿದ್ದಾಗ ಮಾಡಿದ್ದಕ್ಕೆ ಡೇಮನ್ ಹೊಣೆಯಲ್ಲ ಅನ್ನುವ ನಿಮ್ಮ ಪ್ಯಾರಾ ನಿಲ್ಲುವುದಿಲ್ಲ. ಎಲೆನಾಳ ತಮ್ಮ ಜೆರೆಮಿಯ ಕತ್ತು ಮುರಿದಾಗ ಡೇಮನ್ನನ ಸ್ವಿಚ್ ಆನ್ ಆಗಿಯೇ ಇತ್ತು, ಎಲೆನಾ ಅವನನ್ನು ಬೇಡ ಅಂದಿದ್ದಳು, ಅಷ್ಟೇ. ಮಾಂತ್ರಿಕ ಉಂಗುರ ಇದ್ದದ್ದಕ್ಕೆ ಹುಡುಗ ಉಳಿದ. ಆ ಉಂಗುರ ತಾನು ನೋಡಿರಲಿಲ್ಲ ಅಂತ ಡೇಮನ್ನೇ ಆಮೇಲೆ ಒಪ್ಪಿಕೊಳ್ಳುತ್ತಾನೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಅನಿರ್ವಚನೀಯ' ಒಂಬತ್ತು ಸಲ ಬಂದಿದೆ. ಹೇಳಲು ಬರುವುದಿಲ್ಲ ಅಂತ ಒಂಬತ್ತು ಸಲ ಹೇಳುವ ಬದಲು ಒಂದು ಸಲ ಹೇಳಿಬಿಡಿ. ಕೊನೆಯ ಪುಟದಲ್ಲಿ 'ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ' ಅಂತ ದಪ್ಪಕ್ಷರದಲ್ಲಿ ಬೇರೆ. ಯಾರ ವಿರುದ್ಧ ಗೆದ್ದಿತು? ಕ್ಯಾರೊಲೈನ್ ವಿರುದ್ಧವಾ?

ಅವಳು ವ್ಯಾಂಪೈರ್ ಆದಮೇಲೆ ಎಲ್ಲ ನೆನಪಾಗುತ್ತದೆ, ಎರಡನೇ ಸೀಸನ್ನಿನ ಎರಡನೇ ಎಪಿಸೋಡ್. ಡೇಮನ್ ಮುಖಕ್ಕೇ ಒಂದೊಂದಾಗಿ ಹೇಳಿ, ಅವನನ್ನು ಎತ್ತಿ ಎಸೆಯುತ್ತಾಳೆ. ಆಮೇಲೆ ಕಥೆ ಬೇಗ ಮುಂದೆ ಓಡಿಬಿಡುತ್ತದೆ. ನೀವು ಓಡಬೇಡಿ, ಅಲ್ಲಿ ನಿಲ್ಲಿ. ಡೇಮನ್ ಮೇಲಿನ ಪ್ರೀತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ನಿಮಗೆ ಅವನು ಇಷ್ಟ ಅನ್ನುವುದೇ ಈ ಲೇಖನದ ಬಲ, ಅದನ್ನು ಮುಚ್ಚಿಡದೆ, ಸ್ಕಾರ್ಫ್ ನೋಡಿದ ಮೇಲೂ ಯಾಕೆ ಇಷ್ಟ ಅಂತ ನಿಮ್ಮನ್ನು ನೀವೇ ಕೇಳಿಕೊಂಡು ಬರೆಯಿರಿ.

ಹನ್ನೆರಡು ಪುಟ ಬೇಡ, ಐದು ಸಾಕು. ಆದಾಗ ಕಳಿಸಿ, ಅವಸರ ಇಲ್ಲ.