ಕೊಳ್ಳಕ್ಕೆ ಇಳಿಯುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿದು ಬಿಸಿಲು ಹದಕ್ಕೆ ಬರುತ್ತಿದ್ದಂತೆ ಕಾಡಿನ ನಡಿಗೆಯ ಕುರಿತು ಕೇಳುವ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ಮಾರ್ಗದರ್ಶಕರ ಜೊತೆ ಅರ್ಧ ದಿನ ಕೊಳ್ಳದಲ್ಲಿ ನಡೆದು ಬರುವುದಕ್ಕೆ ಸಂಬಂಧಿಸಿದವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರಿನಲ್ಲಿ ನಮ್ಮ ಮನೆಯವರೆಲ್ಲ ಕಪ್ಪತಗುಡ್ಡಕ್ಕೆ ಹೋಗಬೇಕೆಂದಿದ್ದೇವೆ. ನಮ್ಮ ಅತ್ತೆಯವರಿಗೆ 61 ವರ್ಷ, ಕಿರಿಯ ಮಗನಿಗೆ 9. ಮಧ್ಯಾಹ್ನ ಬೇಗ ಊಟ ಮುಗಿಸಿ ಹೊರಟು, ಮಾರ್ಗದರ್ಶಕರೊಂದಿಗೆ ಕೊಳ್ಳದಲ್ಲಿ ಹೋಗಿ ಬರುವ ದಾರಿ ಸೇರಿ ಆರು ಕಿಲೋಮೀಟರ್ ನಡೆದು, ರಾತ್ರಿ ಊಟಕ್ಕೆ ಮನೆ ಸೇರಬಹುದೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅತ್ತೆಯವರನ್ನೂ ಮಗನನ್ನೂ ಕರೆದುಕೊಂಡು ಹೋಗಬಹುದು, ಆದರೆ ಮಧ್ಯಾಹ್ನ ಬೇಡ. ಹುಬ್ಬಳ್ಳಿಯಿಂದ ಗದಗಿಗೇ ಸುಮಾರು 60 ಕಿಲೋಮೀಟರ್ ಆಗುತ್ತದೆ. ಅಲ್ಲಿಂದ ಗುಡ್ಡದ ಬುಡ ಮುಟ್ಟಿ, ಹೆಸರು ಬರೆಸಿ, ಮಾರ್ಗದರ್ಶಕರು ಹೇಳುವುದನ್ನು ಕೇಳಿಸಿಕೊಂಡು ಹೆಜ್ಜೆ ಹಾಕುವ ಹೊತ್ತಿಗೆ ಮೂರು ಗಂಟೆ ದಾಟಿರುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿನಲ್ಲಿ ಎಂಬುದು ನಿಜವಾದರೂ ಕೊಳ್ಳದೊಳಗಿನ ಹೊತ್ತು ಪಂಚಾಂಗದ ಮಾತು ಕೇಳುವುದಿಲ್ಲ. ಪಡುವಣದ ಏಣು ಎತ್ತರವಾಗಿದ್ದರೆ ನಾಲ್ಕೂವರೆಗೆಲ್ಲ ತಳದಲ್ಲಿ ನೆರಳು ಕವಿದು, ಕಲ್ಲಿನ ಮೇಲಿನ ಪಾಚಿ ಯಾವುದು, ಒಣ ಮೈ ಯಾವುದು ಎಂದು ಗುರುತಿಸುವುದೇ ಕಷ್ಟವಾಗುತ್ತದೆ.

ಹೊತ್ತಿನ ಲೆಕ್ಕವನ್ನು ಹೀಗೆ ಹಾಕಿಕೊಳ್ಳಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ಸಮತಟ್ಟಿನಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಆರು ಕಿಲೋಮೀಟರ್ ದಾರಿಯಲ್ಲಿ 200 ಮೀಟರ್ ಏರು ಇದೆ ಎಂದುಕೊಂಡರೆ ಈ ಸೂತ್ರದ ಪ್ರಕಾರ ಒಂದೂವರೆ ಗಂಟೆ ಸಾಕು. ಆದರೆ ಅದು ಎಲ್ಲಿಯೂ ನಿಲ್ಲದೆ, ಒಳ್ಳೆಯ ದಾರಿಯಲ್ಲಿ ನಡೆಯುವ ಗಟ್ಟಿಗರ ಲೆಕ್ಕ. ಉರುಳುಗಲ್ಲುಗಳ ನಡುವೆ, ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ನಡೆಯುವವರು ಅದನ್ನು ಇಮ್ಮಡಿ ಮಾಡಬೇಕು. ಬುತ್ತಿ ಬಿಚ್ಚಲು, ನಿಂತು ನೋಡಲು ಮತ್ತೊಂದು ಗಂಟೆ ಸೇರಿಸಬೇಕು. ಹಾಗಾಗಿ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ನಡಿಗೆ ಆರಂಭಿಸಿದರೆ ಬಿಸಿಲು ಚುರುಕಾಗುವ ವೇಳೆಗೆ ಮೇಲೆ ಬಂದಿರುತ್ತೀರಿ. ಮನೆಯ ಕೆಲಸ ಒಂದು ದಿನ ಸಂಜೆಗೆ ಹೋದರೆ ಏನೂ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಗುಡ್ಡ ಹತ್ತುವವರಿಗೆ ಕಷ್ಟದ ಭಾಗ ಮೊದಲು ಬರುತ್ತದೆ. ಸಾಕಾದರೆ ಅರ್ಧಕ್ಕೇ ಇಳಿದುಬಿಡಬಹುದು. ಕೊಳ್ಳಕ್ಕೆ ಇಳಿಯುವವರ ಸ್ಥಿತಿ ತಿರುವುಮುರುವು. ಹೋಗುವಾಗ ಇಳಿಜಾರು, ತಂಪು, ಹುರುಪು ಎಲ್ಲವೂ ಕೂಡಿ ಬಂದು ದೂರವೇ ತಿಳಿಯುವುದಿಲ್ಲ. ದಣಿದ ಕಾಲಿಗೆ, ಖಾಲಿಯಾಗುತ್ತಿರುವ ನೀರಿನ ಬಾಟಲಿಗೆ, ಏರುತ್ತಿರುವ ಬಿಸಿಲಿಗೆ ಸರಿಯಾಗಿ ಏರುದಾರಿ ಎದುರಾಗುತ್ತದೆ. ಆದ್ದರಿಂದ ಒಟ್ಟು ಹೊತ್ತಿನ ಮೂರನೆಯ ಒಂದು ಭಾಗ ಮುಗಿದ ಕೂಡಲೇ, ಎಲ್ಲಿದ್ದರೂ ಸರಿ, ತಿರುಗಬೇಕು. ಈ ಮಾತನ್ನು ಮಾರ್ಗದರ್ಶಕರೊಡನೆ ಮೇಲೆಯೇ ಆಡಿ ಮುಗಿಸಿ. ‘ಇನ್ನೊಂದು ತಿರುವು ನೋಡಿ ಬರೋಣ’ ಎಂದು ಕೆಳಗೆ ನಿಂತು ಒತ್ತಾಯಿಸಿದರೆ, ಸಂಕೋಚದ ಸ್ವಭಾವದ ಮಾರ್ಗದರ್ಶಕರು ಒಪ್ಪಿಬಿಡುತ್ತಾರೆ.

ಅತ್ತೆಯವರಿಗೆ ಒಂದು ಗಟ್ಟಿ ಬಿದಿರಿನ ಕೋಲು ಇರಲಿ. ಮೊಣಕಾಲಿಗೆ ಹೆಚ್ಚು ಹೊಡೆತ ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಕೋಲನ್ನು ಪಕ್ಕದಲ್ಲಿ ಊರಿಕೊಂಡು ನಡೆಯುವ ಬದಲು, ಒಂದು ಹೆಜ್ಜೆ ಕೆಳಗೆ ಮೊದಲು ಊರಿ, ಅದರ ಮೇಲೆ ಭಾರ ಬಿಟ್ಟು, ಆಮೇಲೆ ಪಾದ ಇಳಿಸಲು ಹೇಳಿ.

ಪ್ರಶ್ನೆ: ನಾವು ಕಾಲೇಜಿನ ಗೆಳೆಯರು. ಮೊಬೈಲಿನಲ್ಲಿ ದಾರಿಯ ನಕ್ಷೆ ಇದೆ; ಗುಡ್ಡದ ಮೇಲಿನ ಗಾಳಿಯಂತ್ರಗಳು ದೂರದಿಂದಲೂ ಕಾಣುತ್ತವೆ. ಹಾಗಿದ್ದ ಮೇಲೆ ಮಾರ್ಗದರ್ಶಕರಿಗೆ ಹಣ ಕೊಡುವುದೇಕೆ?
— ಓದುಗರು, ಧಾರವಾಡ

ಉತ್ತರ: ಮೊದಲನೆಯ ಕಾರಣ ಕಾನೂನಿನದು. ಕಪ್ಪತಗುಡ್ಡ ಈಗ ಬರಿಯ ಗುಡ್ಡವಲ್ಲ. ಜನರ ಹೋರಾಟದ ಬಲದಿಂದ 2017ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವನ್ನು ಮರಳಿ ಪಡೆದ ಈ ಶ್ರೇಣಿಯ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರದೇಶದೊಳಗೆ ಪ್ರವಾಸಕ್ಕೆ ಹೋಗಲೂ ಪರವಾನಗಿ ಬೇಕು. ಬೆಂಕಿ ಹಚ್ಚುವುದು, ಗಿಡಮೂಲಿಕೆ ಕಿತ್ತು ತರುವುದು ಅಪರಾಧ. ಔಷಧೀಯ ಸಸ್ಯಗಳಿಗೆ ಹೆಸರಾದ ಗುಡ್ಡವಾದ್ದರಿಂದ ‘ಒಂದೇ ಒಂದು ಬೇರು’ ಎಂಬ ಆಸೆ ಬಹಳ ಜನರಿಗೆ ಹುಟ್ಟುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ರಾಜ್ಯದ ಹಲವು ಚಾರಣ ಹಾದಿಗಳಿಗೆ ಅರಣ್ಯ ಇಲಾಖೆ 2024ರಲ್ಲಿ ಆರಂಭಿಸಿದ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಕಾದಿರಿಸಬೇಕಾಗುತ್ತದೆ.

ಎರಡನೆಯ ಕಾರಣ ನಿಮ್ಮ ಮೊಬೈಲೇ. ಜಿಪಿಎಸ್ ಸರಿಯಾಗಿ ಕೆಲಸ ಮಾಡಬೇಕಾದರೆ ಅದಕ್ಕೆ ಆಕಾಶ ಅಗಲವಾಗಿ ಕಾಣಬೇಕು. ಇಕ್ಕಟ್ಟಾದ ಕೊಳ್ಳದಲ್ಲಿ ಕೆಲವು ಉಪಗ್ರಹಗಳ ಸಂಕೇತ ಬಂಡೆಯ ಹಿಂದೆ ಮರೆಯಾಗುತ್ತದೆ. ಇನ್ನು ಕೆಲವು ಬಂಡೆಗೆ ಬಡಿದು, ತಡವಾಗಿ ಬಂದು ತಲುಪುತ್ತವೆ. ಪರಿಣಾಮವಾಗಿ ನೀವು ಹಳ್ಳದ ಈ ದಂಡೆಯಲ್ಲಿ ನಿಂತಿದ್ದರೂ ನಕ್ಷೆಯಲ್ಲಿ ಎದುರಿನ ಏಣಿನ ಮೇಲಿರುತ್ತೀರಿ. ಗಾಳಿಯಂತ್ರಗಳಂತೂ ಕೆಳಗೆ ಇಳಿದ ಮೇಲೆ ಕಾಣುವುದೇ ಇಲ್ಲ. ಕಂಡರೂ ಎಲ್ಲವೂ ಒಂದೇ ಥರ.

ಕೊನೆಯ ಕಾರಣ ಹೇಳಿದರೆ ನಿಮ್ಮ ವಯಸ್ಸಿನವರಿಗೆ ಹಿಡಿಸಲಿಕ್ಕಿಲ್ಲ. ಮಾರ್ಗದರ್ಶಕರು ದಾರಿ ತೋರಿಸುವುದಕ್ಕಿಂತ ಹೆಚ್ಚಾಗಿ ಕಿವಿಯಿಂದ ಕೆಲಸ ಮಾಡುತ್ತಾರೆ. ಮರದ ತುದಿಯಲ್ಲಿ ಕುಳಿತ ಮುಸಿಯ (ಕರಿಮೋರೆಯ ಕೋತಿ) ಒಂದೇ ಕಡೆ ನೋಡುತ್ತಾ ಗಂಟಲು ಸೀಳಿದಂತೆ ಕೆಮ್ಮಿದರೆ ಕೆಳಗೆ ಚಿರತೆ ಇರಬಹುದೆಂದು ಅವರು ನಿಲ್ಲುತ್ತಾರೆ. ಚಿರತೆ, ತೋಳ, ಕತ್ತೆಕಿರುಬ, ಕೊಂಡಕುರಿಗಳಿರುವ ಕಾಡಿನಲ್ಲಿ ಹಾಡಿನ ಪೆಟ್ಟಿಗೆ ಹೊತ್ತು ನಡೆಯುವ ತಂಡಕ್ಕೆ ಯಾವುದೂ ಕಾಣುವುದಿಲ್ಲ ಎಂಬುದು ಸಣ್ಣ ನಷ್ಟ. ಮಾರ್ಗದರ್ಶಕರಿಗೂ ಏನೂ ಕೇಳಿಸುವುದಿಲ್ಲ ಎಂಬುದು ದೊಡ್ಡ ಅಪಾಯ. ಕೊಳ್ಳದಲ್ಲಿ ಒಬ್ಬರ ಮಾತು ಎರಡೂ ಗೋಡೆಗೆ ಬಡಿದು ನಾಲ್ಕು ಜನರ ಗದ್ದಲವಾಗುತ್ತದೆ. ನಿಂತಾಗ ಮಾತನಾಡಿ, ನಡೆಯುವಾಗ ಸುಮ್ಮನಿರಿ.

ಪ್ರಶ್ನೆ: ಯಲ್ಲಾಪುರದ ಕಡೆ ಹಳ್ಳದ ಕೊಳ್ಳವೊಂದರಲ್ಲಿ ನಡೆಯುತ್ತಿದ್ದಾಗ ಮೋಡವೇ ಇಲ್ಲದ ದಿನ ಮಾರ್ಗದರ್ಶಕರು ಅರ್ಧ ದಾರಿಗೇ ನಮ್ಮನ್ನು ಮೇಲಕ್ಕೆ ಹತ್ತಿಸಿ ಬಿಟ್ಟರು. ಕೊಟ್ಟ ಹಣ ವ್ಯರ್ಥವಾಯಿತೆಂದು ನಮ್ಮವರಿಗೆ ಬೇಸರ. ಬಿಸಿಲಿದ್ದಾಗ ನೀರಿಗೆ ಅಂಜುವ ಅಗತ್ಯವಿತ್ತೇ?
— ಓದುಗರು, ಕಲಘಟಗಿ

ಉತ್ತರ: ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯೂ ಕಲಘಟಗಿ ಭಾಗದಲ್ಲಿ ಕೂಡಿ ಪಶ್ಚಿಮಕ್ಕೆ ಹರಿದು, ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳದ ಕೊಳ್ಳಕ್ಕೆ ಧುಮುಕುತ್ತವೆ. ಹೀಗಾಗಿ ಹಿಂದಿನ ಸಂಜೆ ಹುಬ್ಬಳ್ಳಿ-ಧಾರವಾಡದಲ್ಲಿ ಸುರಿದ ಮಳೆ ಕೆಳಗಿನ ಕೊಳ್ಳಕ್ಕೆ ಬಿಸಿಲಿನಲ್ಲೇ ಬಂದು ಸೇರಬಹುದು. ಸಣ್ಣ ಹಳ್ಳಗಳ ರೀತಿಯೂ ಇದೇ. ಅಂತರ ಕಡಿಮೆಯಾದ್ದರಿಂದ ನೀರು ಇನ್ನೂ ಬೇಗ ಏರುತ್ತದೆ. ನಿಮ್ಮ ತಲೆಯ ಮೇಲಿನ ಆಕಾಶವಲ್ಲ, ಹಳ್ಳ ಹುಟ್ಟುವ ಕಡೆಯ ಆಕಾಶ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಳಿ ನದಿಯ ದಂಡೆಯಲ್ಲಂತೂ ಮಳೆಯೂ ಬೇಕಿಲ್ಲ. ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಗಣೇಶಗುಡಿಯ ಕೆಳಗೆ ಹೊಳೆಯ ಮಟ್ಟ ಬದಲಾಗುತ್ತದೆ.

ನಿಮ್ಮ ಮಾರ್ಗದರ್ಶಕರು ಬಹುಶಃ ನೀರನ್ನು ನೋಡಿಯೇ ತೀರ್ಮಾನಿಸಿರಬೇಕು. ತಿಳಿಯಾಗಿ ಹರಿಯುತ್ತಿದ್ದ ಹಳ್ಳ ಚಹಾದ ಬಣ್ಣಕ್ಕೆ ತಿರುಗುವುದು, ದಂಡೆಯ ಒಣ ಎಲೆ, ಕಡ್ಡಿಗಳು ಗುಂಪುಗುಂಪಾಗಿ ತೇಲಿ ಬರತೊಡಗುವುದು, ಸಣ್ಣ ಕಲ್ಲುಗಳ ಮೇಲೆ ಹಾಯುವ ನೀರಿನ ಕಲಕಲ ಅಡಗಿ ದಪ್ಪ ದನಿ ಬರುವುದು: ಇವೆಲ್ಲ ನೀರು ಏರುವ ಮೊದಲಿನ ಗುರುತುಗಳು. ದಾಟುವಾಗ ಕಾಲಿಟ್ಟ ಒಂದು ಕಲ್ಲನ್ನು ನೆನಪಿಟ್ಟುಕೊಂಡು ಕುಳಿತಲ್ಲಿಂದ ಆಗಾಗ ನೋಡುತ್ತಿದ್ದರೆ ಸಾಕು. ಅದರ ನೆತ್ತಿ ತೊಯ್ದ ಕ್ಷಣ ಎದ್ದುಬಿಡಬೇಕು. ಆಗ ಬಂದ ದಾರಿಯಲ್ಲೇ ಓಡುವುದು ತಪ್ಪು. ದಾರಿ ಹಳ್ಳದ ಗುಂಟವೇ ಇರುವುದರಿಂದ ನೀರು ಬೆನ್ನಟ್ಟಿಕೊಂಡೇ ಬರುತ್ತದೆ. ನಿಂತ ದಂಡೆಯಲ್ಲೇ ಪಕ್ಕಕ್ಕೆ ಹತ್ತಿ, ನೀರು ಇಳಿಯುವವರೆಗೆ ಕಾಯಬೇಕು. ರಭಸದ ನೀರು ಮೊಣಕಾಲಿನಷ್ಟಿದ್ದರೂ ಗಟ್ಟಿ ಆಳನ್ನು ಕೆಡವಬಲ್ಲದು. ನಾಲ್ಕು ಜನ ಕೈಕೈ ಹಿಡಿದರೆ ನಾಲ್ವರೂ ಬೀಳುತ್ತಾರೆ ಎಂಬುದನ್ನು ಮರೆಯಬೇಡಿ. ನಿಮ್ಮ ಹಣ ವ್ಯರ್ಥವಾಗಿಲ್ಲ. ನೀವು ಕೊಟ್ಟದ್ದೇ ಆ ತೀರ್ಮಾನಕ್ಕೆ.

ಪ್ರಶ್ನೆ: ಕೊಳ್ಳದ ಬಂಡೆಗಳಲ್ಲಿ ಹೆಜ್ಜೇನು ಇರುತ್ತವಂತೆ. ಎದ್ದರೆ ನೀರಿಗೆ ಹಾರಬೇಕೆಂದು ಹಿರಿಯರು ಹೇಳುತ್ತಾರೆ. ಸರಿಯೇ?
— ಓದುಗರು, ಗದಗ

ಉತ್ತರ: ಸರಿಯಲ್ಲ. ನೀರಿನಲ್ಲಿ ಮುಳುಗಿದವರು ಉಸಿರಿಗಾಗಿ ತಲೆ ಎತ್ತಲೇಬೇಕು. ಹೆಜ್ಜೇನು ಅಲ್ಲಿಯವರೆಗೆ ಮೇಲೆಯೇ ಸುತ್ತುತ್ತಿರಬಹುದು. ಕೊಳ್ಳದ ಮಡುವಿನ ಆಳ ತಿಳಿಯದೆ ಹಾರಿದರೆ ಬೇರೆಯೇ ಅಪಾಯ.

ಹೆಜ್ಜೇನು ಬಂಡೆಯ ಚಾಚಿನ ಕೆಳಗೆ ಒಂದೇ ಹಲ್ಲೆಯನ್ನು, ಅಂದರೆ ಮೇಣದ ತಟ್ಟೆಯನ್ನು, ತೂಗುಬಿಟ್ಟು ಅದರ ಮೇಲೆ ತಾವೇ ಪದರ ಪದರವಾಗಿ ಕುಳಿತಿರುತ್ತವೆ. ಕಣಜ ಹತ್ತಿರ ಸುಳಿದಾಗ ಸಾಲುಸಾಲಾಗಿ ಹೊಟ್ಟೆ ಮೇಲೆತ್ತಿ ಇಳಿಸುವುದರಿಂದ ಇಡೀ ಹಲ್ಲೆಯ ಮೇಲೆ ಅಲೆ ಹಾಯ್ದಂತೆ ಕಾಣುತ್ತದೆ. ನೋಡಲು ಚಂದವೆಂದು ಅಲ್ಲಿಯೇ ನಿಲ್ಲಬೇಡಿ. ಅವು ಎಚ್ಚೆತ್ತಿವೆ ಎಂಬುದು ಅದರ ಅರ್ಥ. ಹೊಗೆ, ಕೂಗಾಟ, ಕಲ್ಲೆಸೆತ, ಘಾಟು ಅತ್ತರು ಯಾವುದೂ ಬೇಡ. ಒಂದು ಹುಳ ಕಚ್ಚಿದಾಗ ಬಿಡುವ ಎಚ್ಚರಿಕೆಯ ರಾಸಾಯನಿಕಕ್ಕೆ ಬಾಳೆಹಣ್ಣಿನ ವಾಸನೆ ಇರುತ್ತದೆ. ಅದರ ಜಾಡು ಹಿಡಿದು ಉಳಿದವು ಅದೇ ಜಾಗಕ್ಕೆ ಮುತ್ತುತ್ತವೆ. ಆದ್ದರಿಂದ ಕೈ ಬೀಸಿ, ಹೊಡೆದು ಸಾಯಿಸಿದಷ್ಟೂ ಕಷ್ಟ ಹೆಚ್ಚು. ಟವೆಲ್ಲಿನಿಂದಲೋ ಸೆರಗಿನಿಂದಲೋ ಮುಖ, ಕುತ್ತಿಗೆ ಮುಚ್ಚಿಕೊಂಡು, ಮಾರ್ಗದರ್ಶಕರು ತೋರಿದ ದಿಕ್ಕಿಗೆ ನಿಲ್ಲದೆ ದೂರ ಹೋಗಬೇಕು. ದೂರ ಬಂದ ಮೇಲೆ ಮುಳ್ಳುಗಳನ್ನು ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಆದಷ್ಟು ಬೇಗ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ-ನಾಲಿಗೆ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾರಿಗಾದರೂ ಹಿಂದೆ ಹೀಗಾಗಿದ್ದರೆ ಹೊರಡುವ ಮೊದಲೇ ಮಾರ್ಗದರ್ಶಕರಿಗೆ ತಿಳಿಸಿರಿ.

ಪ್ರಶ್ನೆ: ಫೆಬ್ರುವರಿಯಲ್ಲಿ ಸಿದ್ದಾಪುರದ ಕಡೆಯ ಕಾಡಿಗೆ ಹೋಗುವ ವಿಚಾರವಿದೆ. ಮಂಗನ ಕಾಯಿಲೆಯ ಭಯಕ್ಕೆ ಮನೆಯಲ್ಲಿ ಒಪ್ಪುತ್ತಿಲ್ಲ.
— ಓದುಗರು, ಹಾನಗಲ್ಲ, ಹಾವೇರಿ ಜಿಲ್ಲೆ

ಉತ್ತರ: ಮನೆಯವರ ಭಯಕ್ಕೆ ಆಧಾರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಸಿದ್ದಾಪುರ ಭಾಗದಲ್ಲೂ ಕಾಣಿಸಿಕೊಂಡಿದೆ. ಇದನ್ನು ಹರಡುವುದು ಉಣ್ಣಿ. ಎಳೆಯ ಉಣ್ಣಿಗಳು ಹೆಚ್ಚಾಗಿರುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಕಾಲದಲ್ಲೇ ಇದು ಸಾಮಾನ್ಯವಾಗಿ ಕಾಣಿಸುತ್ತದೆ. ಫೆಬ್ರುವರಿ ಅದರ ನಡುವೆಯೇ ಬರುತ್ತದೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ವರ್ಷದ ಪರಿಸ್ಥಿತಿ ವಿಚಾರಿಸಿ, ಮಂಗಗಳು ಸತ್ತ ಸುದ್ದಿಯಿದ್ದರೆ ಪ್ರವಾಸವನ್ನು ಮುಂದಿನ ಅಕ್ಟೋಬರ್-ನವೆಂಬರಿಗೆ ಹಾಕುವುದೇ ಲೇಸು. ಹೋಗುವುದಾದರೆ ತುಂಬು ತೋಳಿನ ತಿಳಿಬಣ್ಣದ ಬಟ್ಟೆ ತೊಡಿ. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಸೇರಿರಲಿ. ತರಗೆಲೆಯ ಮೇಲೆ ಕೂರಬೇಡಿ. ಉಣ್ಣಿಯನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಮುಂದಿನ ಒಂದೆರಡು ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿರಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಾದ್ದರಿಂದ ಮನೆಯವರು ಆ ಮಟ್ಟಿಗೆ ನಿಶ್ಚಿಂತರಾಗಿರಬಹುದು.

ಪ್ರಶ್ನೆ: ಅರ್ಧ ದಿನಕ್ಕೆ ಬುತ್ತಿ ಏನು ಕಟ್ಟಬೇಕು?
— ಓದುಗರು, ಲಕ್ಷ್ಮೇಶ್ವರ

ಉತ್ತರ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸೌತೆಕಾಯಿ ಸಾಕು, ಎಣ್ಣೆಯಲ್ಲಿ ಕರಿದದ್ದು ನೀರಡಿಕೆ ಹೆಚ್ಚಿಸುತ್ತದೆ. ನೀರು ತಲಾ ಎರಡು ಲೀಟರ್ ಇರಲಿ. ಹಳ್ಳದ ನೀರು ಕುಡಿಯಬೇಡಿ. ಮಂಗಗಳು ಪ್ಲಾಸ್ಟಿಕ್ ಚೀಲದ ಸದ್ದು ಕೇಳಿಯೇ ಬರುವುದರಿಂದ ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿ. ಮಾರ್ಗದರ್ಶಕರಿಗೂ ಸೇರಿಸಿ ಎರಡು ರೊಟ್ಟಿ ಹೆಚ್ಚಿಗೆ ಇಡಿ. ಅವರು ಬಹಳ ಸಲ ಬೆಳಗಿನ ಜಾವ ಬರಿಹೊಟ್ಟೆಯಲ್ಲೇ ಮನೆ ಬಿಟ್ಟು ಬಂದಿರುತ್ತಾರೆ.