ಕಪ್ಪು ಚೌಕದವರ ಅರ್ಧ ಕಪ್ಪು

ಪ್ರಶ್ನೆ: ರಷ್ಯಾದ ಚಿತ್ರಕಾರ ಮಲೆವಿಚ್ ಮಾಡಿದ ಪಿಂಗಾಣಿ ಕಪ್ಪಿನ ಫೋಟೊ ನೋಡಿದೆ. ನಡುಮಧ್ಯೆ ಕೊಯ್ದು ಅರ್ಧ ಮಾತ್ರ ಇಟ್ಟ ಹಾಗಿದೆ. ಅದರಲ್ಲಿ ಟೀ ಕುಡಿಯಬಹುದಾ, ಇಲ್ಲಾ ಸುಮ್ನೆ ಶೋಕೇಸಿಗಾ? ಚಿತ್ರ ಬರೆಯುವವರಿಗೆ ಕಪ್ಪು-ಬಸಿಯ ಉಸಾಬರಿ ಯಾಕೆ ಬೇಕಿತ್ತು?
– ಓದುಗರೊಬ್ಬರು, ಧಾರವಾಡ

ಉತ್ತರ: ಕುಡಿಯಬಹುದು, ಸೋರುವುದಿಲ್ಲ. ಕೊಯ್ದಂತೆ ಕಾಣುವ ಕಡೆ ಚಪ್ಪಟೆ ಗೋಡೆ ಇದೆ. ಆದರೆ ಹಿಡಿ ನೋಡಿದಿರಾ? ಬೆರಳು ತೂರಿಸಲು ತೂತೇ ಇಲ್ಲ, ಪುಟ್ಟ ಇಟ್ಟಿಗೆ ಅಂಟಿಸಿದ ಹಾಗಿದೆ. ಬಿಸಿ ಟೀ ತುಂಬಿ ಎತ್ತಿದರೆ ಗೊತ್ತಾಗುತ್ತದೆ ಮಜಾ! ಅದರ ಜೊತೆಯ ಟೀಪಾಟ್ ಇನ್ನೂ ಒಂದು ಕೈ ಮೇಲೆ. ಸರಿಯಾಗಿ ಸುರಿಯಲು ಬರುವುದಿಲ್ಲ ಅಂತ ದೂರಿದವರಿಗೆ, ಇದು ಟೀಪಾಟ್ ಅಲ್ಲ, ಟೀಪಾಟಿನ ಕಲ್ಪನೆ ಅಂದರಂತೆ ಮಲೆವಿಚ್. ಜಾರಿಕೊಳ್ಳುವ ಮಾತು ಅಂತಲೇ ನನಗನ್ನಿಸುತ್ತದೆ.

ಇದು 1923ರ ಸುಮಾರಿಗೆ ಪೆಟ್ರೊಗ್ರಾಡ್‌ನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನಡೆದದ್ದು. ಅಲ್ಲಿ 1744ರಲ್ಲಿ ಶುರುವಾದ ಅರಮನೆಯ ಪಿಂಗಾಣಿ ಕಾರ್ಖಾನೆ 1917ರ ಕ್ರಾಂತಿಯಾದ ಮೇಲೆ ಸರ್ಕಾರದ ಪಾಲಾಯಿತು. ಗೋದಾಮಿನಲ್ಲಿ ಚಿತ್ರ ಬರೆಯದ ಬಿಳಿ ತಟ್ಟೆಗಳು ರಾಶಿ ಬಿದ್ದಿದ್ದವು, ಬೆನ್ನಿಗೆ ತ್ಸಾರ್ ದೊರೆಯ ಮೊಹರು ಸಮೇತ. ಎಷ್ಟೋ ತಟ್ಟೆಗಳಲ್ಲಿ ಆ ಮೊಹರಿನ ಮೇಲೆ ಬಣ್ಣ ಬಳಿದು, ಪಕ್ಕದಲ್ಲಿ ಕುಡುಗೋಲು-ಸುತ್ತಿಗೆ ಬರೆದು, ಮುಂಭಾಗವನ್ನು ಚಿತ್ರಕಾರರ ಕೈಗೆ ಕೊಟ್ಟರು. ಹಾಗೆ ಬಂದವರಲ್ಲಿ ಮಲೆವಿಚ್ ಅವರ ಶಿಷ್ಯರಾದ ಸುಯೆಟಿನ್ ಮತ್ತು ಚಾಶ್ನಿಕ್ ಕೂಡ ಇದ್ದರು.

ಈಗ ನಿಮ್ಮ ಉಸಾಬರಿಯ ಪ್ರಶ್ನೆಗೆ ಬರೋಣ. 1915ರಲ್ಲಿ ಪ್ರದರ್ಶನಕ್ಕಿಟ್ಟ ಆ ಪ್ರಸಿದ್ಧ ಕಪ್ಪು ಚೌಕದ ಚಿತ್ರದಿಂದ ಹಿಡಿದು ಮುಂದಿನ ಕೆಲವು ವರ್ಷ ಮಲೆವಿಚ್ ಚಿತ್ರಗಳಲ್ಲಿ ಮರ ಇಲ್ಲ, ಮನುಷ್ಯ ಇಲ್ಲ, ಬಿಳಿಯ ಮೇಲೆ ತೇಲುವ ಚೌಕ, ಪಟ್ಟಿ, ವೃತ್ತ ಅಷ್ಟೇ, ಮತ್ತು ಆ ಬಿಳಿ ಅವರಿಗೆ ಖಾಲಿ ಜಾಗವಲ್ಲ, ಕೊನೆಯೇ ಇಲ್ಲದ ಬಯಲು. ಕ್ಯಾನ್ವಾಸಿಗಾದರೆ ಆ ಬಿಳಿಯನ್ನು ತಾವೇ ಬಳಿಯಬೇಕು. ಪಿಂಗಾಣಿ ಮೊದಲೇ ಬಿಳಿ, ಅಲ್ವಾ? ಸುಯೆಟಿನ್ ತಟ್ಟೆಯ ಮೇಲೆ ಒಂದು ಕರಿ ಚೌಕ, ಎರಡು ಕೆಂಪು ಪಟ್ಟಿ ಇಟ್ಟರೆ ಸಾಕು, ಅವು ತೇಲುತ್ತವೆ.

ಗುರುಗಳಿಗೆ ಅಷ್ಟು ಸಾಲಲಿಲ್ಲ. ಕಪ್ಪಿನ ಮೇಲೆ ಆಕಾರ ಬರೆಯುವುದೇಕೆ, ಕಪ್ಪೇ ಆಕಾರವಾಗಲಿ ಅಂತ ಹೊರಟರು. ಹಾಗಾಗಿ ಆ ಕಪ್ಪಿನ ಚಪ್ಪಟೆ ಮುಖದ ಎದುರು ನಿಂತರೆ ಇಡೀ ಟೀ ಕಪ್ಪಿನ ಹೊರಗೆರೆ ಕಾಣುತ್ತದೆ, ಪಕ್ಕಕ್ಕೆ ಸರಿದರೆ ಅರ್ಧ ಮಾಯ. ನೋಡಲು ಚೆಂದವೇ. ಆದರೆ ಮನೆಗೊಂದು ಆರಿಸಿಕೊಳ್ಳಿ ಅಂದರೆ ನಾನು ಸುಯೆಟಿನ್ ತಟ್ಟೆಯನ್ನೇ ಎತ್ತಿಕೊಳ್ಳುತ್ತೇನೆ. ಅದರಲ್ಲಿ ದೋಸೆ ಹಾಕಿಕೊಂಡು ತಿನ್ನಬಹುದು.